ಗುಂಪು ತಪ್ಪಿದ ಮನೆ

ನಮ್ಮೂರಿನಲ್ಲಿ ಸಂಜೆಯಾದರೆ ಎಲ್ಲವೂ ಭಾರವಾಗುತ್ತದೆ. ಬೆಳಿಗ್ಗೆ ಒಂದೇ ಕೈಯಲ್ಲಿ ಎತ್ತಿ ಸೊಂಟಕ್ಕಿಟ್ಟುಕೊಂಡ ಕೊಡವನ್ನು ದೀಪ ಹಚ್ಚುವ ಹೊತ್ತಿಗೆ ಎರಡೂ ಕೈ ಹಾಕಿ, ಮೊಣಕಾಲಿಗೊಮ್ಮೆ ಆನಿಸಿಕೊಂಡು ಎತ್ತಬೇಕು. ಮಧ್ಯಾಹ್ನದ ಊಟ ಮುಗಿಸಿ ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಶುರುವಾಗುವ ಭಾರ ಮುಸ್ಸಂಜೆಗೆ ನೆತ್ತಿ ಮುಟ್ಟುತ್ತದೆ. ರಾತ್ರಿ ಊಟದ ಹೊತ್ತಿಗೆ ಮೆಲ್ಲಗೆ ಇಳಿಯತೊಡಗಿ, ಕೋಳಿ ಕೂಗುವಾಗ ಪೂರ್ತಿ ಹೋಗಿರುತ್ತದೆ. ಕೆಲವು ದಿನ ಹೆಚ್ಚು, ಕೆಲವು ದಿನ ಕಡಿಮೆ. ಏಕೆ ಹೀಗೆ ಎಂದು ನಾವು ಯಾರೂ ಕೇಳುವುದಿಲ್ಲ. ಕಡಲಂಚಿನ ಊರಿನವರು ಉಬ್ಬರ ಏಕೆ ಬಂತು ಎಂದು ದಿನಾ ಕೇಳುತ್ತಾ ಕೂರುತ್ತಾರೆಯೇ?

ಅದಕ್ಕೆ ತಕ್ಕಂತೆ ನಮ್ಮ ಬದುಕು ಹೊಂದಿಕೊಂಡಿದೆ. ಮದುವೆ, ಗೃಹಪ್ರವೇಶ, ಮನೆ ಬದಲಾಯಿಸುವುದು ಎಲ್ಲವೂ ಬೆಳಿಗ್ಗೆಯೇ. ಹೆಂಗಸರು ಮಧ್ಯಾಹ್ನದ ಕಾಫಿಗೆ ಮುಂಚೆ ಕಿವಿಯ ಓಲೆ ಬಿಚ್ಚಿ ಗೂಡಿನಲ್ಲಿಡುತ್ತಾರೆ. ತರಕಾರಿಯವರು ತಕ್ಕಡಿಯನ್ನೇ ಬಳಸುತ್ತಾರೆ. ಬದನೆಕಾಯಿ ಭಾರವಾದರೆ ತೂಕದ ಕಲ್ಲೂ ಅಷ್ಟೇ ಭಾರವಾಗುವುದರಿಂದ ಯಾರಿಗೂ ಮೋಸವಿಲ್ಲ. ಲೋಲಕ ತೂಗುವ ಗೋಡೆ ಗಡಿಯಾರ ಮಾತ್ರ ನಮ್ಮಲ್ಲಿ ನಡೆಯುವುದಿಲ್ಲ. ಭಾರ ಏರಿದಂತೆ ಅದರ ಲೋಲಕ ಅವಸರ ಮಾಡುತ್ತದೆ, ಸಂಜೆ ಕಳೆಯುವಷ್ಟರಲ್ಲಿ ಗಡಿಯಾರ ಮುಂದೆ ಓಡಿರುತ್ತದೆ. ಹಾಗೆಯೇ ಮಧ್ಯಾಹ್ನ ದಾಟಿದ ಮೇಲೆ ಯಾರೂ ಇನ್ನೊಬ್ಬರ ಮನೆಗೆ ಹೋಗುವುದಿಲ್ಲ. ಆ ಹೊತ್ತಿನಲ್ಲಿ ಕಾಲೆಳೆದುಕೊಂಡು ಬಂದವನು ಸಾವಿನ ಸುದ್ದಿಯನ್ನೇ ತಂದಿರುತ್ತಾನೆ ಎಂಬುದು ನಮ್ಮಲ್ಲಿ ಹಳೆಯ ಮಾತು.

ನಾನು ಪರವೂರಿನಲ್ಲಿ ಓದು ಮುಗಿಸಿ ಬಂದು ಇಲ್ಲಿಯ ಭಾರ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ಕೆರೆ ರಸ್ತೆಯ ಹೆಂಚಿನ ಕಟ್ಟಡ ಅದು. ಊರಿನ ಬೇರೆ ಬೇರೆ ಬೀದಿಗಳಲ್ಲಿ ಆರಿಸಿದ ಕೆಲವು ಮನೆಗಳ ನಡುಮನೆಯ ಮೂಲೆಯಲ್ಲಿ ನಮ್ಮ ಒಂದೊಂದು ಸ್ಪ್ರಿಂಗು, ಅದರ ತುದಿಗೆ ಒಂದು ಕಬ್ಬಿಣದ ಗುಂಡು ತೂಗುತ್ತಿರುತ್ತವೆ. ಭಾರ ಏರಿದಂತೆ ಸ್ಪ್ರಿಂಗು ಜಗ್ಗುತ್ತದೆ. ಎಷ್ಟು ಜಗ್ಗಿತು ಎಂಬುದನ್ನು ಮೇಲಿನ ಪುಟ್ಟ ಪೆಟ್ಟಿಗೆ ಗಂಟೆಗೊಮ್ಮೆ ನಮ್ಮ ಕಂಪ್ಯೂಟರಿಗೆ ಕಳಿಸುತ್ತದೆ. ಎಲ್ಲ ಮನೆಗಳ ಸರಾಸರಿ ತೆಗೆದು ಬಸ್ ನಿಲ್ದಾಣದ ಹಲಗೆಯ ಮೇಲೆ ‘ಇಂದು ಭಾರ ಸಾಧಾರಣ’ ಎಂದೋ ‘ಇಂದು ಭಾರ ಹೆಚ್ಚು, ಹಿರಿಯರು ಮನೆಯಲ್ಲಿರಿ’ ಎಂದೋ ಬರೆಸುವುದು ನಮ್ಮ ಕೆಲಸ. ಕೇಂದ್ರದ ಮುಖ್ಯಸ್ಥರು ತಿಪ್ಪೇಸ್ವಾಮಿಯವರು. ಮೊಣಕಾಲು ನೋವಿನವರು, ಮಾತು ಕಡಿಮೆ, ಕಾಫಿ ಜಾಸ್ತಿ.

ಆ ವರ್ಷ ಊರಿಗೆ ಹೊಸ ಹೆರಿಗೆ ಆಸ್ಪತ್ರೆ ಕಟ್ಟಬೇಕೆಂದು ತೀರ್ಮಾನವಾಯಿತು. ಬೆಳಗಿನ ಹೆರಿಗೆಗಳು ನಮ್ಮಲ್ಲಿ ಹೂ ಎತ್ತಿದಂತೆ ಆಗುತ್ತವೆ. ಸಂಜೆ ಹೆರುವ ತಾಯಂದಿರ ಪಾಡು ಬೇರೆ. ಅದಕ್ಕೇ ಆಸ್ಪತ್ರೆಯ ಸಮಿತಿಯವರು ನಮ್ಮಲ್ಲಿಗೆ ಬಂದು, ಊರಿನೊಳಗೆ ಎಲ್ಲಾದರೂ ಭಾರ ಸ್ವಲ್ಪ ಕಡಿಮೆ ಇರುವ ಜಾಗವಿದ್ದರೆ ತಿಳಿಸಿ, ಅಲ್ಲೇ ಕಟ್ಟುತ್ತೇವೆ, ಇಲ್ಲದಿದ್ದರೆ ಬಸ್ ನಿಲ್ದಾಣದ ಪಕ್ಕದ ಸೈಟು ಇದ್ದೇ ಇದೆ ಎಂದರು.

“ಅಂಥ ಜಾಗ ಇಲ್ಲ. ಊರೆಲ್ಲ ಒಂದೇ,” ಎಂದರು ತಿಪ್ಪೇಸ್ವಾಮಿಯವರು, ಸಮಿತಿಯವರು ಹೋದ ಮೇಲೆ. “ಆದ್ರೂ ಕೇಳಿದಾರೆ. ಇಷ್ಟು ವರ್ಷದ ಅಂಕಿ ಎಲ್ಲ ತೆಗ್ದು ಒಂದು ನಕ್ಷೆ ಮಾಡ್ಬಿಡಿ ಇಂದುಮತಿ. ಮೊದ್ಲು ಅಂಕಿ ತೊಳೀರಿ. ಕಲ್ಲಿರೋ ಅಕ್ಕಿ ಬೇಯಿಸಿದ್ರೆ ಹಲ್ಲು ಹೋಗೋದು ನಮ್ದೇ.”

ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಕಂಪ್ಯೂಟರಿಗೆ ಹೇಳಿಕೊಡುವುದೇ ನನ್ನ ಕಸುಬು. ಉಳಿದವುಗಳ ಜೊತೆ ಸೇರದೆ ದೂರ ನಿಂತ ಅಂಕಿಯನ್ನು ನಾವು ಕೇಂದ್ರದಲ್ಲಿ ‘ಗುಂಪು ತಪ್ಪಿದ ಅಂಕಿ’ ಎನ್ನುತ್ತಿದ್ದೆವು. ನಾನು ಮೊದಲು ಬರೆದ ಪ್ರೋಗ್ರಾಂ ಸರಳವಾದದ್ದು. ಆಯಾ ಗಂಟೆಯ ಸರಾಸರಿ ತೆಗೆ, ಅಂಕಿಗಳು ಸಾಮಾನ್ಯವಾಗಿ ಅದರಿಂದ ಎಷ್ಟು ಆಚೀಚೆ ಹರಡಿವೆ ನೋಡು, ಅದಕ್ಕಿಂತ ಮೂರು ಪಟ್ಟು ದೂರ ಹೋದದ್ದನ್ನು ಕಿತ್ತು ಹಾಕು. ಓಡಿಸಿದರೆ ಬೆರಳೆಣಿಕೆಯಷ್ಟು ಅಂಕಿಗಳು ಬಿದ್ದವು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಬಿದ್ದ ಅಂಕಿಗಳಲ್ಲಿ ಒಂದು ನನ್ನನ್ನು ತಡೆಯಿತು. ಗಾಣಿಗರ ಬೀದಿಯ ಒಂದು ಮನೆಯಲ್ಲಿ ವಾರಕ್ಕೊಮ್ಮೆ ಭಾರ ದಿಢೀರನೆ ಎರಡರಷ್ಟಾಗುತ್ತಿತ್ತು. ಸುಮ್ಮನೆ ಅಳಿಸಲು ಮನಸ್ಸು ಬರಲಿಲ್ಲ. ಒಂದು ಬೆಳಿಗ್ಗೆ ಹೋಗಿ ನೋಡಿದರೆ, ಮನೆಯಾಕೆ ನಮ್ಮ ಗುಂಡಿನ ಕೊಕ್ಕೆಗೇ ಬಾಳೆಗೊನೆ ತೂಗುಹಾಕಿದ್ದಳು.

“ಸಂತೆ ದಿವಸ ಅಣ್ಣ ತೋಟದಿಂದ ತಂದ್ಕೊಡ್ತಾನೆ ಕಣಮ್ಮ. ಇಲಿ ಕಾಟ. ಈ ಕೊಕ್ಕೆ ಒಳ್ಳೇ ಎತ್ತರದಲ್ಲಿದೆ,” ಎಂದು ಆಕೆ ನನಗೂ ಎರಡು ಹಣ್ಣು ಕೊಟ್ಟಳು.

ಆಮೇಲೆ ಅದೇ ನನಗೆ ರುಚಿಯಾಯಿತು. ಬೆಳಿಗ್ಗೆ ಪ್ರೋಗ್ರಾಂ ಕಿತ್ತ ಅಂಕಿಗಳ ಮನೆಗಳನ್ನು ಹುಡುಕಿಕೊಂಡು ಹೋಗುವುದು, ಕಾರಣ ತಿಳಿದು ಬರುವುದು. ಒಂದು ಮನೆಯಲ್ಲಿ ಗಿಣಿಯೊಂದು ಗುಂಡಿನ ಮೇಲೆ ಕುಳಿತು ಜೋಕಾಲಿಯಾಡುತ್ತಿತ್ತು. ಇನ್ನೊಂದರಲ್ಲಿ ಸ್ಪ್ರಿಂಗು ತುಕ್ಕು ಹಿಡಿದು ಅಲುಗಾಡದೆ ನಿಂತಿತ್ತು. ಹಿಟ್ಟಿನ ಗಿರಣಿಯ ಪಕ್ಕದ ಮನೆಯ ಅಂಕಿ ಗಿರಣಿ ನಡೆಯುವಾಗೆಲ್ಲ ನಡುಗುತ್ತಿತ್ತು. ಕಾರಣ ಸಿಕ್ಕ ಅಂಕಿಗಳನ್ನು ನೆಮ್ಮದಿಯಿಂದ ತೆಗೆದುಹಾಕಿದೆ.

ತೆಗೆದ ಮೇಲೆ ನನ್ನ ಪ್ರೋಗ್ರಾಮಿನದೇ ಒಂದು ದೋಷ ಕಣ್ಣಿಗೆ ಬಿತ್ತು. ಬಾಳೆಗೊನೆಯಂಥ ದೊಡ್ಡ ಅಂಕಿ ಒಂದು ಒಳಗೆ ಕುಳಿತರೆ ಸಾಕು, ಅದು ಸರಾಸರಿಯನ್ನೇ ತನ್ನ ಕಡೆಗೆ ಎಳೆದು, ಹರವನ್ನೂ ಹಿಗ್ಗಿಸಿಬಿಡುತ್ತದೆ. ಆಗ ಸಣ್ಣಪುಟ್ಟ ತಪ್ಪುಗಳು ಅದರ ಸೆರಗಿನ ಮರೆಯಲ್ಲಿ ಗುಂಪಿನವೇ ಎಂಬಂತೆ ಉಳಿದುಬಿಡುತ್ತವೆ. ಆದ್ದರಿಂದ ಸರಾಸರಿಯನ್ನು ಬಿಟ್ಟು, ಎಲ್ಲ ಮನೆಗಳನ್ನೂ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ ನಟ್ಟನಡುವೆ ಯಾವುದು ನಿಲ್ಲುತ್ತದೋ ಅದರಿಂದ ದೂರ ಅಳೆಯುವಂತೆ ಕೋಡ್ ತಿದ್ದಿದೆ. ನಡುವಿನವನನ್ನು ಅಂಚಿನಲ್ಲಿರುವ ಒಬ್ಬ ಜಗ್ಗಿ ಕದಲಿಸಲಾರ. ಆ ಸಂಜೆ ಅದನ್ನು ಓಡಿಸಿದಾಗ ಹಳೆಯ ಗಲಾಟೆಯೆಲ್ಲ ಅಡಗಿ, ಒಂದೇ ಒಂದು ಮನೆ ಪರದೆಯ ಮೇಲೆ ಒಂಟಿಯಾಗಿ ಉಳಿಯಿತು. ಬೆಳಿಗ್ಗೆ ಎಲ್ಲರಂತೆ. ಮಧ್ಯಾಹ್ನದ ಮೇಲೆ ಊರೆಲ್ಲ ಭಾರವಾಗುತ್ತಾ ಹೋದರೆ ಅದು ಮಾತ್ರ ಬೆಳಿಗ್ಗೆ ಇದ್ದಷ್ಟೇ. ಒಂದು ದಿನವಲ್ಲ, ಗುಂಡು ತೂಗುಹಾಕಿದಂದಿನಿಂದಲೂ.

ಅದು ನೇಯ್ಗೆ ಬೀದಿಯ ಕೊನೆಯ ಮನೆ, ರುದ್ರಾಣಮ್ಮನವರದು. ನನ್ನ ಅಣ್ಣನ ಹೆಂಡತಿ ಕಾತ್ಯಾಯಿನಿಯ ತವರು.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಅತ್ತಿಗೆ ನಮ್ಮ ಮನೆಗೆ ಬಂದ ಹೊಸದರಲ್ಲಿ ಸಂಜೆ ಹೊತ್ತು ಅವಳಿಂದ ಒಂದು ಕೆಲಸವೂ ಆಗುತ್ತಿರಲಿಲ್ಲ. ಗೋಡೆಗೊರಗಿ ಕುಳಿತು, ಏಳಲು ಹೋಗಿ ಮತ್ತೆ ಕುಳಿತುಬಿಡುತ್ತಿದ್ದಳು. ನಮ್ಮೂರಿನಲ್ಲಿ ಮಕ್ಕಳು ಅಂಬೆಗಾಲಿಡುವಾಗಲೇ ಸಂಜೆಯ ಭಾರಕ್ಕೆ ಮೈ ಕಲಿತಿರುತ್ತವೆ. ಇವಳೋ ಅದನ್ನು ಹೊಸದಾಗಿ ಕಂಡವಳಂತೆ ಕಂಗಾಲಾಗುತ್ತಿದ್ದಳು. “ನಮ್ಮನೇಲಿ ಇಷ್ಟು ಭಾರ ಇರ್ಲಿಲ್ಲ,” ಎಂದರೆ ನೆರೆಯ ಹೆಂಗಸರು ನಗುತ್ತಿದ್ದರು. “ತವರಲ್ಲಿ ಯಾರಿಗೆ ಭಾರ ಇರತ್ತೆ ಹೇಳು. ಮದುವೆ ಆದ್ಮೇಲೆ ಎಲ್ಲರಿಗೂ ಭಾರವೇ.”

ಹಬ್ಬಕ್ಕೆಂದು ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದಿದ್ದ ರುದ್ರಾಣಮ್ಮನವರ ಮುಂದೆ ಅವಳು ಇದನ್ನೇ ಹೇಳಿಕೊಂಡಳು. ಅವರಿಗೆ ಸಿಟ್ಟು ಬಂತು. ಅರವತ್ತು ದಾಟಿದ ಮೇಲೂ ಮುಸ್ಸಂಜೆಯಲ್ಲಿ ಬಾವಿಯಿಂದ ನೀರು ಸೇದುವ ಹೆಂಗಸು ಅವರು. ಊರಿನವರ ಸಂಜೆಯ ನರಳಾಟವನ್ನೆಲ್ಲ ಮೈಗಳ್ಳತನವೆಂದೇ ತಿಳಿದವರು. “ನನ್ನ ಮಗಳನ್ನ ನಾನೇ ಮುದ್ದು ಮಾಡಿ ಕೆಡಿಸ್ದೆ ಬೀಗಿತ್ತಿಯವರೇ. ಈ ಸೋಮಾರೀನ ಕಟ್ಕೊಂಡು ನಿಮಗೆ ತೊಂದ್ರೆ ಆಯ್ತು,” ಎಂದು ನಮ್ಮಮ್ಮನ ಎದುರೇ ಹೇಳಿದರು. ಅತ್ತಿಗೆ ಅಂದಿನಿಂದ ತವರಿಗೆ ಹೋಗುವುದನ್ನು ಬಿಟ್ಟಳು. ತಾಯಿಯೂ ಬರಲಿಲ್ಲ. ಒಂದೇ ಊರಿನಲ್ಲಿದ್ದೂ ಇಬ್ಬರೂ ಮಾತಾಡಿ ಎರಡು ವರ್ಷದ ಮೇಲಾಗಿತ್ತು. ಅತ್ತಿಗೆ ಕ್ರಮೇಣ ಭಾರಕ್ಕೆ ಹೊಂದಿಕೊಂಡಳು. ಆದರೆ ಆ ಒಂದು ಮಾತು ಅವಳೊಳಗೆ ಹಾಗೇ ಇತ್ತು. ಕೈಯಲ್ಲಿದ್ದ ಕೆಲಸ ಜಾರಿದಾಗೆಲ್ಲ “ಸೋಮಾರಿ ಅಲ್ವಾ ನಾನು” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಮರುದಿನ ಪರದೆಯ ಮೇಲಿನ ಆ ಒಂಟಿ ಮನೆಯನ್ನು ತಿಪ್ಪೇಸ್ವಾಮಿಯವರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

“ಸ್ಪ್ರಿಂಗು ಕೆಟ್ಟಿದೆ. ತೆಗ್ದುಬಿಡಿ.”

“ಕೆಟ್ಟಿದ್ರೆ ಒಂದೊಂದು ದಿನ ಒಂದೊಂದು ಥರ ಇರ್ಬೇಕಿತ್ತು ಸಾರ್. ಇದು ಇಷ್ಟು ವರ್ಷವೂ ಒಂದೇ ಥರ ಇದೆ.”

“ನಿಂತುಹೋಗಿರ್ಬಹುದು.”

“ನಿಂತಿಲ್ಲ. ಬೆಳಗಿನ ಜಾವ ಸಣ್ಣದಾಗಿ ಏರಿಳಿಯತ್ತೆ, ಬೇರೆ ಮನೆಗಳ ಹಾಗೇ. ಸಂಜೆ ಮಾತ್ರ ಏರಲ್ಲ.”

ಅವರು ಕಾಫಿ ಲೋಟ ಕೆಳಗಿಟ್ಟರು. “ಇದು ನಿಮ್ಮ ಬೀಗರ ಮನೆ ಅಲ್ವೇನಮ್ಮ?”

“ಹೌದು.”

“ನೋಡಿ, ನಂಗೇನೂ ಅನುಮಾನ ಇಲ್ಲ. ಆದ್ರೆ ಈ ಅಂಕಿ ಉಳಿಸ್ಕೊಂಡು ನಾಳೆ ನಕ್ಷೆ ಕೊಟ್ರೆ, ಆಸ್ಪತ್ರೆ ಆ ಬೀದಿಗೆ ಹೋಗತ್ತೆ. ಬೀಗರ ಜಾಗಕ್ಕೆ ಬೆಲೆ ಬರ್ಲಿ ಅಂತ ಇಂದುಮತಿ ಹಿಂಗ್ ಮಾಡಿದ್ಲು ಅಂತಾರೆ ಊರವರು. ಕೇಂದ್ರದ ಮಾತು ಯಾರೂ ನಂಬಲ್ಲ ಆಮೇಲೆ. ತೆಗೆದ್ರೆ ಯಾರೂ ಏನೂ ಕೇಳಲ್ಲ.”

“ಕಾರಣ ಗೊತ್ತಿಲ್ದೆ ಹೆಂಗೆ ತೆಗೀಲಿ ಸಾರ್? ಬಾಳೆಗೊನೆ ಸಿಕ್ಕಿದ್ರೆ ತೆಗೀತಿದ್ದೆ.”

“ಉಳಿಸೋದಾದ್ರೂ ಅಷ್ಟೆ, ಕಾರಣ ಬೇಕು. ನಕ್ಷೆ ಕೊಡೋವರ್ಗೂ ಟೈಮಿದೆ, ಹುಡುಕಿ. ಆದ್ರೆ ನಿಮ್ಮ ಮಾತು ಸಾಲ್ದು, ನನ್ ಮಾತೂ ಸಾಲ್ದು. ಯಾರು ನೋಡಿದ್ರೂ ಹೌದು ಅನ್ನೋ ಹಂಗಿರ್ಬೇಕು,” ಎಂದರು.

ನಾನು ಮೊದಲು ಮಾಡಿದ್ದು ಅದಲುಬದಲು. ನಮ್ಮ ಮನೆಯಲ್ಲೂ ಕೇಂದ್ರದ ಒಂದು ಗುಂಡು ತೂಗುತ್ತಿತ್ತು. ಅದನ್ನು ಪೆಟ್ಟಿಗೆಯ ಸಮೇತ ಬಿಚ್ಚಿ ರುದ್ರಾಣಮ್ಮನವರ ಮನೆಗೆ ಒಯ್ದೆ, ಅವರಲ್ಲಿದ್ದದ್ದನ್ನು ತಂದು ನಮ್ಮಲ್ಲಿ ತೂಗುಹಾಕಿದೆ. ಉಪಕರಣ ಸುಳ್ಳು ಹೇಳುತ್ತಿದ್ದರೆ ಆ ಸುಳ್ಳು ಅದರ ಜೊತೆಗೇ ನಮ್ಮ ಮನೆಗೆ ಬರಬೇಕು. ಬರಲಿಲ್ಲ. ನಮ್ಮಲ್ಲಿಗೆ ಬಂದ ಸ್ಪ್ರಿಂಗು ಸಂಜೆ ಎಲ್ಲರಂತೆ ಜಗ್ಗಿತು. ಅಲ್ಲಿಗೆ ಹೋದ ನಮ್ಮ ಸ್ಪ್ರಿಂಗು ಜಗ್ಗಲಿಲ್ಲ. ಹಲವು ದಿನ ನೋಡಿದೆ, ಅದೇ ಕಥೆ.

ಗುಂಡು ಬದಲಿಸಲು ಹೋಗಿದ್ದು ಬೆಳಿಗ್ಗೆ. ಇನ್ನು ಸಂಜೆಯೇ ಹೋಗಿ ನೋಡಬೇಕು ಎನಿಸಿತು. ಒಂದು ದಿನ ಮುಸ್ಸಂಜೆಗೆ ಕೆಲಸವಿದೆ ಎಂದಷ್ಟೇ ಮನೆಯಲ್ಲಿ ಹೇಳಿ ಹೊರಟೆ. ಬೀದಿಯಲ್ಲಿ ಜನವಿಲ್ಲ. ಹಲಗೆಯ ಮೇಲೆ ‘ಭಾರ ಹೆಚ್ಚು’ ಎಂದು ನಾನೇ ಬರೆಸಿದ್ದೆ. ಚಪ್ಪಲಿ ಕೂಡ ಕಾಲಿಗೆ ಕಲ್ಲು ಕಟ್ಟಿದಂತಿತ್ತು. ದಾರಿಯಲ್ಲಿ ಎರಡು ಕಡೆ ಕಟ್ಟೆಯ ಮೇಲೆ ಕುಳಿತು ಸುಧಾರಿಸಿಕೊಂಡೆ. ನೇಯ್ಗೆ ಬೀದಿಯ ಕೊನೆಯಲ್ಲಿ ಹಿಂದೊಮ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ ಪಾಳುಜಾಗವೊಂದಿದೆ. ಅದನ್ನು ದಾಟಿದರೆ ರುದ್ರಾಣಮ್ಮನವರ ಹಿತ್ತಿಲು. ಆ ಪಾಳುಜಾಗದ ಮಧ್ಯಕ್ಕೆ ಬಂದಾಗ ನನ್ನ ಭುಜದಿಂದ ಯಾರೋ ಮೂಟೆ ಇಳಿಸಿಕೊಂಡ ಹಾಗಾಯಿತು. ಕಾಲು ತಾನಾಗಿ ಮುಂದಕ್ಕೆ ಬಿತ್ತು. ಮುಗ್ಗರಿಸುವಂತಾಗಿ ನಿಂತೆ. ಎರಡು ಹೆಜ್ಜೆ ಹಿಂದೆ ಹೋದರೆ ಮತ್ತೆ ಭಾರ, ಮುಂದೆ ಬಂದರೆ ಹಗುರ. ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು ಚಿಕ್ಕ ಹುಡುಗಿಯಂತೆ ನಾಲ್ಕಾರು ಸಲ ಹಿಂದೆ ಮುಂದೆ ಓಡಾಡಿದೆ.

ಹಿತ್ತಿಲಲ್ಲಿ ರುದ್ರಾಣಮ್ಮನವರು ನೀರು ಸೇದುತ್ತಿದ್ದರು. ತುಂಬಿದ ಬಿಂದಿಗೆ ಬಾವಿಯಿಂದ ಸರಸರನೆ ಮೇಲೆ ಬರುತ್ತಿತ್ತು. ನನ್ನನ್ನು ನೋಡಿ ಹಗ್ಗ ಹಾಗೇ ಹಿಡಿದು ನಿಂತರು.

“ಏನಾಯ್ತು? ಕಾತಿ ಹೆಂಗಿದಾಳೆ?”

“ಎಲ್ಲ ಚೆನ್ನಾಗಿದಾರೆ ಅತ್ತೆ. ಏನೂ ಆಗಿಲ್ಲ. ಗುಂಡು ನೋಡೋಕೆ ಬಂದೆ.”

ಅವರು ಉಸಿರು ಬಿಟ್ಟು ಬಿಂದಿಗೆ ಕೆಳಗಿಟ್ಟರು. ಎರಡು ವರ್ಷದಿಂದ ಹೆಸರೆತ್ತದ ಮಗಳ ಹೆಸರು ಹೆದರಿಕೆಯಲ್ಲಿ ಬಾಯಿಗೆ ಬಂದುಬಿಟ್ಟಿತ್ತು. ಅದನ್ನು ಮುಚ್ಚಲು, “ಈ ಹೊತ್ತಲ್ಲಿ ಯಾವ ಗುಂಡು ನೋಡ್ತೀಯವ್ವ,” ಎಂದು ಗೊಣಗಿದರು.

ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟರು. ನಾನು ವಿಷಯ ಹೇಳಿದೆ. ಈ ಮನೆಯಲ್ಲಿ ಸಂಜೆಯ ಭಾರವಿಲ್ಲ, ಪಾಳುಜಾಗ ದಾಟಿ ಆಚೆ ಹೋದರೆ ಇದೆ, ನಿಮಗೆ ಯಾವತ್ತೂ ಗೊತ್ತಾಗಲಿಲ್ಲವೇ ಎಂದು ಕೇಳಿದೆ.

“ಹೊರಗೆ ಸುತ್ತಾಡಿದ್ರೆ ಸುಸ್ತಾಗತ್ತೆ. ಮನೆಗೆ ಬಂದ್ರೆ ಹಗುರ ಅನ್ಸತ್ತೆ. ಯಾರಿಗೆ ಅನ್ಸಲ್ಲ?” ಎಂದರು.

“ಅದಲ್ಲ ಅತ್ತೆ. ಊರಲ್ಲಿ ಬೇರೆಯವ್ರಿಗೆ ಮನೆಗೆ ಬಂದ್ರೂ ಹಗುರ ಆಗಲ್ಲ.”

ಅವರು ನನ್ನ ಮುಖ ನೋಡಿದರು. ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದರು. ಆ ಮನೆಯ ಗೋಡೆಯ ಮೇಲೆ ಅವರ ಯಜಮಾನರು ಇದ್ದಾಗ ಪರವೂರಿಂದ ತಂದ ಲೋಲಕದ ಗಡಿಯಾರವೊಂದು ಟಿಕ್‌ಟಿಕ್ ಎನ್ನುತ್ತಿತ್ತು. ನನ್ನ ಕೈಗಡಿಯಾರಕ್ಕೆ ಹೋಲಿಸಿದೆ. ಎರಡೂ ಒಂದೇ ಸಮಯ ತೋರಿಸುತ್ತಿದ್ದವು. ಊರಿನಲ್ಲಿ ಬೇರೆ ಯಾವ ಮನೆಯಲ್ಲೂ ಇದು ಸಾಧ್ಯವಿರಲಿಲ್ಲ.

ಅಂದು ಮನೆಗೆ ಬಂದಾಗ ಭಾರ ಇನ್ನೂ ಇಳಿದಿರಲಿಲ್ಲ. ಅತ್ತಿಗೆ ಒಲೆಯ ಮುಂದೆ ಮಣೆ ಹಾಕಿ ರೊಟ್ಟಿ ತಟ್ಟುತ್ತಿದ್ದಳು. ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಅವಳು ಖುಷಿ ಪಡುತ್ತಾಳೆ ಎಂದುಕೊಂಡಿದ್ದೆ. ಅವಳು ತಟ್ಟುವುದನ್ನು ನಿಲ್ಲಿಸಿ, ಹಿಟ್ಟು ಮೆತ್ತಿದ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು.

“ಹಂಗಾದ್ರೆ ನಂಗೆ ಸುಳ್ಳು ಸುಳ್ಳೇ ಭಾರ ಆಗ್ತಿರ್ಲಿಲ್ಲ,” ಎಂದಳು.

“ಇಲ್ಲ ಅತ್ತಿಗೆ.”

“ಅಮ್ಮನಿಗೂ ಸುಳ್ಳು ಹೇಳೋ ಅಭ್ಯಾಸ ಇರ್ಲಿಲ್ಲ. ಅವಳಿಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ.” ಸೀದ ರೊಟ್ಟಿಯನ್ನು ತೆಗೆದು, “ಇದು ನಂಗಿರ್ಲಿ,” ಎಂದು ತನ್ನ ತಟ್ಟೆಗೆ ಹಾಕಿಕೊಂಡಳು.

ತಿಪ್ಪೇಸ್ವಾಮಿಯವರಿಗೆ ಅದಲುಬದಲಿನ ಅಂಕಿಗಳನ್ನು ತೋರಿಸಿದೆ, ಗಡಿಯಾರದ ವಿಷಯ ಹೇಳಿದೆ. ಮೈಗೆ ಹಗುರವೆನಿಸಿದ್ದನ್ನು ಹೇಳಿದಾಗ ಅವರು ಕೈಯಾಡಿಸಿಬಿಟ್ಟರು. ಮೈ ಅಳತೆಯ ಸಾಧನವಲ್ಲ, ಅನಿಸಬೇಕೆಂದು ಹೋದವರಿಗೆ ಅನಿಸುತ್ತದೆ ಎಂದರು. ಗಡಿಯಾರ ಮಾತ್ರ ಅವರ ಮನಸ್ಸಿಗೆ ನಾಟಿತು. ಸ್ಪ್ರಿಂಗಿಗೂ ಲೋಲಕಕ್ಕೂ ಸಂಬಂಧವಿಲ್ಲ, ಎರಡೂ ಒಂದೇ ಮಾತು ಹೇಳುತ್ತಿದ್ದರೆ ಮೂರನೆಯವನು ನಂಬಲೇಬೇಕು. ಸಮಿತಿಯ ಇಬ್ಬರನ್ನು ಕರೆದುಕೊಂಡು ಅವರೇ ಒಂದು ಸಂಜೆ ಗಾಡಿ ಕಟ್ಟಿಸಿಕೊಂಡು ರುದ್ರಾಣಮ್ಮನವರ ಮನೆಗೆ ಬಂದರು. ಗಡಿಯಾರವನ್ನು ನೋಡಿದರು, ಗುಂಡನ್ನು ನೋಡಿದರು. ಆಮೇಲೆ ತಿಪ್ಪೇಸ್ವಾಮಿಯವರು ಜಗಲಿಯ ಮೇಲೆ ಕುಳಿತು ಮೊಣಕಾಲನ್ನು ಮಡಚಿ ಬಿಡಿಸಿ, ಮತ್ತೆ ಮಡಚಿದರು. ಸಮಿತಿಯವರು ಹೊರಡೋಣವೇ ಎಂದರೆ ಅವರಿಗೆ ಏಳುವ ಮನಸ್ಸೇ ಇಲ್ಲ.

“ಮೈ ಅಳತೆಯ ಸಾಧನ ಅಲ್ಲ ಸಾರ್,” ಎಂದೆ.

“ಗೊತ್ತು ಕಣಮ್ಮ,” ಎಂದರು. “ಇನ್ನೊಂದ್ ಸ್ವಲ್ಪ ಹೊತ್ತು ಕೂತಿರ್ತೀನಿ.”

ಹಗುರದ ಜಾಗ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಅಳೆಯುವ ಕೆಲಸ ಉಳಿದಿತ್ತು. ಪಾಳುಜಾಗದಲ್ಲಿ ಹಗುರವೆನಿಸಿದ್ದು ನನ್ನ ಮೈಗೆ ಮಾತ್ರ, ಅಳತೆಯಲ್ಲಿ ಅದು ಆ ಮನೆಗಷ್ಟೇ ಸೀಮಿತವೆಂದು ಬಂದಿದ್ದರೆ ಆಸ್ಪತ್ರೆಗಾಗಿ ರುದ್ರಾಣಮ್ಮನವರನ್ನು ಅಲ್ಲಿಂದ ಎಬ್ಬಿಸಬೇಕಾಗುತ್ತಿತ್ತು. ನನಗೆ ಆ ಯೋಚನೆಯೇ ನಿದ್ದೆ ಕೆಡಿಸಿತ್ತು. ಅಂಕಿ ಅಳಿಸಿದ್ದರೇ ಚೆನ್ನಾಗಿತ್ತೇನೋ ಎಂದು ಕೂಡ ಒಮ್ಮೆ ಅನಿಸಿತು. ಸ್ಪ್ರಿಂಗು ತಕ್ಕಡಿಗೆ ಗುಂಡು ಸಿಕ್ಕಿಸಿಕೊಂಡು ಮುಸ್ಸಂಜೆಯಲ್ಲಿ ಬೀದಿ ಬೀದಿ ನಡೆಯಬೇಕು, ಒಬ್ಬರು ಹಿಡಿಯಬೇಕು, ಒಬ್ಬರು ಓದಬೇಕು. ಕೇಂದ್ರದಲ್ಲಿ ಯಾರೂ ಮುಂದೆ ಬರಲಿಲ್ಲ. ಅತ್ತಿಗೆ ಬಂದಳು. ಗುಂಡನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಊರಿನ ಅತ್ಯಂತ ಭಾರದ ಹೊತ್ತಿನಲ್ಲಿ, ನೇಯ್ಗೆ ಬೀದಿಯ ಸುತ್ತಮುತ್ತಲನ್ನೆಲ್ಲ ನನ್ನ ಜೊತೆ ತಿರುಗಿದಳು. ತಾಯಿಯ ಮನೆಯ ಬಾಗಿಲಿಗೆ ಬಂದಾಗ ಮಾತ್ರ ಮುಖ ತಿರುಗಿಸಿ ಮುಂದೆ ನಡೆದಳು. ಕಿಟಕಿಯ ಹಿಂದೆ ಯಾರೋ ನಿಂತಿದ್ದು ನನಗೆ ಕಾಣಿಸಿತು.

ಹಗುರದ ಜಾಗ ಆ ಮನೆಯಿಂದ ಶುರುವಾಗಿ ಹಿತ್ತಿಲು ದಾಟಿ, ಬಣ್ಣದ ಪಾಳುಜಾಗದ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಹರಡಿತ್ತು. ಆಸ್ಪತ್ರೆಗೆ ಆ ಪಾಳುಜಾಗವೇ ಧಾರಾಳವಾಗಿ ಸಾಕು. ಅದು ಊರಿನ ಸಾರ್ವಜನಿಕ ಜಾಗ, ಯಾರ ಸ್ವತ್ತೂ ಅಲ್ಲ. ನಕ್ಷೆ ಕೊಟ್ಟ ದಿನ ನನ್ನ ಪ್ರೋಗ್ರಾಮಿನ ‘ಕಿತ್ತು ಹಾಕು’ ಎಂಬ ಸಾಲನ್ನೂ ಬದಲಿಸಿದೆ. ಗುಂಪು ತಪ್ಪಿದ್ದನ್ನು ಇನ್ನು ಮುಂದೆ ಅದು ತಾನಾಗಿ ಕೀಳುವುದಿಲ್ಲ. ಗುರುತು ಹಾಕಿ ಪಕ್ಕಕ್ಕಿಡುತ್ತದೆ. ಹೋಗಿ ನೋಡಿ ಬಂದವರು ಕಾರಣ ಬರೆದ ಮೇಲೆಯೇ ತೆಗೆಯುವುದೋ ಉಳಿಸುವುದೋ ತೀರ್ಮಾನ. ತಿಪ್ಪೇಸ್ವಾಮಿಯವರು ಅದನ್ನು ಓದಿ, “ಓಡಾಟ ಜಾಸ್ತಿ ಆಯ್ತು ನಿಮಗೆ,” ಎಂದರು. ಬೇಡವೆನ್ನಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಬೀಗರ ಜಾಗವೆಂದು ಅನುಮಾನ ಪಟ್ಟವರು ಸಂಜೆ ಹೋಗಿ ಪಾಳುಜಾಗದಲ್ಲಿ ನಿಂತು ನೋಡಿ ಬಾಯಿ ಮುಚ್ಚಿಕೊಂಡರು. ಹಲವು ಮುದುಕರು ಅಲ್ಲೇ ಚಾಪೆ ಹಾಸತೊಡಗಿದರು. ರುದ್ರಾಣಮ್ಮನವರು ಮಾತ್ರ ಯಾರ ಜೊತೆಗೂ ಸೇರಲಿಲ್ಲ. ಊರಿಡೀ ಹೊತ್ತುಕೊಂಡಿದ್ದ ಹೊರೆಯನ್ನು ತಾವು ಇಷ್ಟು ವರ್ಷ ಮೈಗಳ್ಳತನವೆಂದು ಬೈದದ್ದು ಅವರಿಗೆ ಈಗ ಹೇಗೆ ಕಾಣುತ್ತಿತ್ತೋ. ಬಾಗಿಲು ಹಾಕಿಕೊಂಡಿರುತ್ತಾರೆ ಎಂದು ಜನ ಹೇಳುತ್ತಿದ್ದರು. ನಾನು ಬೆಳಿಗ್ಗೆ ಎರಡು ಸಲ ಹೋದಾಗಲೂ ತಲೆನೋವೆಂದು ಹೇಳಿ ಒಳಗೇ ಉಳಿದರು. ಅತ್ತಿಗೆಗೆ ಹೇಳಿದರೆ, “ಬಿಡು, ಬಲವಂತ ಮಾಡ್ಬೇಡ. ಅವಳ ಸ್ವಭಾವ ನಂಗೆ ಗೊತ್ತು,” ಎಂದಳು.

ಆಸ್ಪತ್ರೆಗೆ ಪಾಯ ತೋಡಲು ಶುರುಮಾಡಿದ ವಾರ ಒಂದು ಸಂಜೆ, ಭಾರ ನೆತ್ತಿಗೇರಿದ್ದ ಹೊತ್ತಿಗೆ, ನಮ್ಮ ಮನೆಯ ಬಾಗಿಲು ಬಡಿದ ಸದ್ದಾಯಿತು. ಅಮ್ಮನ ಮುಖ ಬಿಳಿಚಿತು. ಯಾರಿಗೇನಾಯಿತೋ ಎಂದು ದೇವರನ್ನು ನೆನೆಯುತ್ತಲೇ ಹೋಗಿ ಚಿಲಕ ತೆಗೆದಳು. ಹೊಸ್ತಿಲಾಚೆ ರುದ್ರಾಣಮ್ಮನವರು ಗೋಡೆ ಹಿಡಿದು ನಿಂತಿದ್ದರು. ಹಣೆಯ ಬೆವರು ಮೂಗಿನವರೆಗೂ ಇಳಿದಿತ್ತು. ಕಿವಿಯ ಓಲೆ ಬಿಚ್ಚಿರಲಿಲ್ಲ, ಬಿಚ್ಚಬೇಕೆಂಬುದು ಅವರಿಗೆ ಎಂದೂ ಗೊತ್ತಿದ್ದದ್ದಲ್ಲ. ಹಾಲೆಗಳು ಜೋತುಬಿದ್ದು ಕೆಂಪಗಾಗಿದ್ದವು. ಊರಿನ ಆ ತುದಿಯಿಂದ ಈ ತುದಿಯವರೆಗೆ, ಗಾಡಿಯಿಲ್ಲದೆ, ಒಬ್ಬರೇ ನಡೆದು ಬಂದಿದ್ದರು.

“ಯಾರಿಗೂ ಏನೂ ಆಗಿಲ್ಲ ಬೀಗಿತ್ತಿಯವರೇ,” ಎಂದರು ಏದುಸಿರಿನ ನಡುವೆ. “ಸುಮ್ನೆ ಬಂದೆ.”

ಅಮ್ಮ ಅವರ ಕೈ ಹಿಡಿದು ಒಳಗೆ ತಂದು ಗೋಡೆಗೊರಗಿಸಿ ಕೂರಿಸಿದಳು. ಮೊದಲು ಓಲೆ ಬಿಚ್ಚಿಸಿದಳು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ರುದ್ರಾಣಮ್ಮನವರು ಕಾಲು ನೀಡಿಕೊಂಡು, ತಮ್ಮ ಕಾಲುಗಳನ್ನೇ ಬೇರೆ ಯಾರದೋ ಎಂಬಂತೆ ದಿಟ್ಟಿಸುತ್ತಾ ಕುಳಿತರು. ಏಳಲು ಒಮ್ಮೆ ಪ್ರಯತ್ನಿಸಿದರು, ಆಗಲಿಲ್ಲ, ಮತ್ತೆ ಗೋಡೆಗೊರಗಿದರು. ಅತ್ತಿಗೆ ಮದುವೆಯಾಗಿ ಬಂದ ಹೊಸದರಲ್ಲಿ ಕುಳಿತಿರುತ್ತಿದ್ದುದು ಹೀಗೆಯೇ.

“ನೀರು ಕೊಡ್ಲಾಮ್ಮ?” ಎಂದಳು ಅತ್ತಿಗೆ.

“ಬೇಡ. ಸ್ವಲ್ಪ ಹೊತ್ತು ಹಿಂಗೇ ಇರ್ತೀನಿ.”

ಒಳಗೆ ಅನ್ನ ಕುದಿದು ಉಕ್ಕುವ ಸದ್ದಾಯಿತು. ಅತ್ತಿಗೆ ಒಳಗೆ ಓಡಿದಳು. ಬಟ್ಟೆ ಹಿಡಿದು ಒಲೆಯ ಮೇಲಿನ ದೊಡ್ಡ ಪಾತ್ರೆಗೆ ಕೈ ಹಾಕುವಷ್ಟರಲ್ಲಿ ರುದ್ರಾಣಮ್ಮನವರು ಹೇಗೋ ಎದ್ದು, ಬಾಗಿಲ ದಾರಂದ ಹಿಡಿದುಕೊಂಡು ಅವಳ ಪಕ್ಕಕ್ಕೆ ಬಂದಿದ್ದರು. ಸೆರಗಿನ ತುದಿಯಿಂದ ಪಾತ್ರೆಯ ಇನ್ನೊಂದು ಕಡೆ ಹಿಡಿದರು. ಇಬ್ಬರೂ ಸೇರಿ ಎತ್ತಿ ಕೆಳಗಿಟ್ಟರು. ಅಷ್ಟಕ್ಕೇ ರುದ್ರಾಣಮ್ಮನವರು ಗೋಡೆಗೆ ಕೈ ಊರಿ ಸುಧಾರಿಸಿಕೊಂಡರು.

“ಇಷ್ಟು ವರ್ಷ ಇದನ್ನ ದಿನಾ ನೀನೊಬ್ಬಳೇ ಇಳಿಸ್ತಿದ್ಯಾ?”

“ಇಲ್ಲಮ್ಮ,” ಎಂದಳು ಅತ್ತಿಗೆ. “ಆ ಕಡೆ ಅತ್ತೆ ಹಿಡ್ಕೋತಿದ್ರು.”

ರುದ್ರಾಣಮ್ಮನವರು ತಿರುಗಿ ನಮ್ಮಮ್ಮನನ್ನು ನೋಡಿದರು. ಅಮ್ಮ ಏನೂ ನಡೆದೇ ಇಲ್ಲವೆಂಬಂತೆ ತಟ್ಟೆಗಳನ್ನು ಹಾಕತೊಡಗಿದ್ದಳು, ಒಂದು ಹೆಚ್ಚಾಗಿ. ಅವರು ಮಗಳ ಕೈಯನ್ನು ತೆಗೆದುಕೊಂಡು ಅಂಗೈಯಲ್ಲಿ ಬಿಸಿ ತಾಗಿದೆಯೋ ಎಂದು ದೀಪದ ಬೆಳಕಿಗೆ ಹಿಡಿದು ನೋಡಿದರು. ಏನೂ ತಾಗಿರಲಿಲ್ಲ. ಆದರೂ ಬಹಳ ಹೊತ್ತು ಹಿಡಿದೇ ಇದ್ದರು. “ನೀನು ಸೋಮಾರಿ ಅಲ್ಲ ಕಣೇ,” ಎಂದರು ಅಷ್ಟೇ, ಬಹಳ ಮೆಲ್ಲಗೆ.

ಅಂದು ಅವರು ನಮ್ಮಲ್ಲೇ ಉಂಡರು. ಇಲ್ಲೇ ಮಲಗಿ ಎಂದು ಅಮ್ಮ ಎಷ್ಟು ಹೇಳಿದರೂ ಒಪ್ಪದೆ, ಇನ್ನು ಸಂಜೆಯ ದಾರಿಯೂ ಗೊತ್ತಾಯಿತಲ್ಲ, ಮತ್ತೆ ಬರುತ್ತೇನೆ ಎಂದು ಹೊರಟರು. ಅಷ್ಟು ಹೊತ್ತಿಗೆ ಭಾರ ಇಳಿದಿತ್ತು, ಬೀದಿಯಲ್ಲಿ ತಣ್ಣನೆಯ ಗಾಳಿಯಿತ್ತು. ರುದ್ರಾಣಮ್ಮನವರು ಯಾರ ಆಸರೆಯೂ ಇಲ್ಲದೆ ಸಲೀಸಾಗಿ ನಡೆಯಬಲ್ಲವರಾಗಿದ್ದರು. ಅತ್ತಿಗೆ ಮಾತ್ರ ತಾಯಿಯ ತೋಳನ್ನು ಬಿಡದೆ, ಬೀದಿಯ ತುದಿ ಬಂದ ಮೇಲೂ ಬಿಡದೆ, ಮಾತಾಡುತ್ತಾ ಆಚೆ ತಿರುವಿನಲ್ಲಿ ಮರೆಯಾದಳು.